ಎಳೆಯರಿಗೆ ನಾವು ಯಾವ ಕೆಲಸ ಕೊಟ್ಟಿದ್ದೇವೆ?

ಮಹಿಳಾ ಸಂಘಟನೆಗಳ ಸಭೆ ಎಲ್ಲೇ ನಡೆಯಲಿ, ಚಹಾದ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ. "ಈಗಿನ ಹುಡುಗ ಹುಡುಗಿಯರಿಗೆ ಇದೆಲ್ಲ ಬೇಡ. ಅವರಿಗೆ ಮೊಬೈಲು, ಸಿನಿಮಾ, ಕೆಲಸ, ಸಂಬಳ ಇಷ್ಟೇ ಸಾಕು." ಹೀಗೆ ಹೇಳುವವರು ಕೆಟ್ಟ ಮನಸ್ಸಿನವರೇನಲ್ಲ. ನಾಲ್ಕು ದಶಕ ಬೀದಿಯಲ್ಲಿ ನಿಂತು ಘೋಷಣೆ ಕೂಗಿದವರು, ಪೊಲೀಸ್ ಠಾಣೆಯ ಬೆಂಚಿನ ಮೇಲೆ ರಾತ್ರಿ ಕಳೆದವರು, ಸುಟ್ಟ ಗಾಯದ ವಾರ್ಡುಗಳಲ್ಲಿ ಸಾಯುತ್ತಿರುವ ಹೆಣ್ಣುಮಕ್ಕಳ ಕೈ ಹಿಡಿದು ಕೂತವರು. ಈಗ ಅವರ ಮಂಡಿ ನೋಯುತ್ತದೆ, ಕಣ್ಣು ಮಂಜಾಗಿದೆ. ತಮ್ಮ ನಂತರ ಈ ಕೆಲಸ ಯಾರು ಮಾಡುತ್ತಾರೆ ಎಂಬ ಚಿಂತೆಯಿಂದ ಆ ಮಾತು ಬರುತ್ತದೆ.

ಚಿಂತೆ ನಿಜವಾದದ್ದು. ಆದರೆ ಅದರಿಂದ ಹೊರಡುವ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಅದರಲ್ಲಿ ಕೆಲವು ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಜವಾಬ್ದಾರಿಯನ್ನೂ ಹೊತ್ತವಳು. ಎಳೆಯರಿಗೆ ಕಾಳಜಿ ಇಲ್ಲ ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಅವರಿಗೆ ಇಲ್ಲದಿರುವುದು ದಾರಿ. ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು, ಹೋದಲ್ಲಿ ತಮಗೆ ಏನು ಕೆಲಸ ಸಿಗುತ್ತದೆ ಎಂಬುದನ್ನು ಅವರಿಗೆ ಹೇಳುವವರಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಎಳೆಯರನ್ನು ಕುರಿತದ್ದಲ್ಲ, ಹಿರಿಯರನ್ನು ಮತ್ತು ಸಂಘಟನೆಗಳನ್ನು ಕುರಿತದ್ದು. ನಾವು ಅವರಿಗೆ ಯಾವ ಕೆಲಸ ಕೊಟ್ಟಿದ್ದೇವೆ?

ಮೊದಲು ಒಂದು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಪ್ರಶ್ನೆ ಮೂಲದಲ್ಲಿಯೇ ಎಳೆಯರ ಪ್ರಶ್ನೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದಕ್ಕೆ 1984 ಮತ್ತು 1986ರಲ್ಲಿ ತಿದ್ದುಪಡಿಗಳಾದವು. ಅಷ್ಟಾದರೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳ ಪ್ರಕಾರ 2022ರಲ್ಲಿಯೂ 2023ರಲ್ಲಿಯೂ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ವರ್ಷಕ್ಕೆ 6,000ಕ್ಕೂ ಹೆಚ್ಚು. ಅಂದರೆ ದಿನಕ್ಕೆ ಹದಿನಾರಕ್ಕೂ ಹೆಚ್ಚು. ಇದು ಠಾಣೆಯ ಪುಸ್ತಕಕ್ಕೆ ಬಂದ ಲೆಕ್ಕ ಮಾತ್ರ. ವರದಕ್ಷಿಣೆ ಸಾವು ಎಂದು ಕಾನೂನು ಕರೆಯುವುದು ಮದುವೆಯಾದ 7 ವರ್ಷದೊಳಗೆ ಆದ ಸಾವನ್ನು. ಹಿಂದೆ ಇದು ದಂಡಸಂಹಿತೆಯ 304ಬಿ ಕಲಮಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮಾಗಿದೆ. ಮದುವೆಯಾಗಿ 7 ವರ್ಷ ಎಂದರೆ ಎಂಥ ವಯಸ್ಸು? ಸತ್ತವಳು ಎಳೆಯವಳು. ಕಟಕಟೆಯಲ್ಲಿ ನಿಲ್ಲುವ ಗಂಡನೂ ಬಹಳ ಸಲ ಎಳೆಯವನೇ. ನಿನ್ನೆ ಮೊನ್ನೆಯವರೆಗೆ ನಮ್ಮ ತರಗತಿಗಳಲ್ಲಿ ಕೂತಿದ್ದವರೇ ಅವರು.

ಇನ್ನೊಂದು ಲೆಕ್ಕ ನಮ್ಮ ರಾಜ್ಯದ್ದು. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ಸುಮಾರು 21 ಇತ್ತು. ದೇಶದ ಸರಾಸರಿ 29. ಹಿಂಸೆಯೇ ಇಷ್ಟು ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಅಥವಾ ಎರಡೂ ಕೂಡಿದೆಯೋ, ಹೇಗೆ ಓದಿದರೂ ನಾವು ನೆಮ್ಮದಿಯಿಂದ ಮಲಗುವ ಸಂಖ್ಯೆಯಲ್ಲ ಇದು. ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆ ಕೇಳಿತು: ಗಂಡ ಹೆಂಡತಿಯನ್ನು ಹೊಡೆಯುವುದು ಯಾವುದಾದರೂ ಒಂದು ಕಾರಣಕ್ಕಾದರೂ ಸರಿಯೇ? ನಮ್ಮ ರಾಜ್ಯದ ಹೆಂಗಸರಲ್ಲಿ ನೂರಕ್ಕೆ ಸುಮಾರು 77, ಗಂಡಸರಲ್ಲಿ ಸುಮಾರು 82 ಮಂದಿ ಹೌದು ಎಂದರು. ಈ ಪ್ರಶ್ನೆಗೆ ಉತ್ತರ ಕೊಟ್ಟವರು 15ರಿಂದ 49 ವಯಸ್ಸಿನವರು. ಕಾಲೇಜಿನ ವಯಸ್ಸಿನವರೂ ಅದರಲ್ಲಿದ್ದಾರೆ. ಎಂದ ಮೇಲೆ ಎಳೆಯರನ್ನು ಬಿಟ್ಟು ಈ ಚಳುವಳಿ ಯಾರೊಡನೆ ಮಾತಾಡಬೇಕು?

ಇವತ್ತಿನ ಎಳೆಯರ ಬದುಕನ್ನು ಸ್ವಲ್ಪ ನೋಡೋಣ. ಪದವಿ ಮುಗಿದಿರುತ್ತದೆ, ಕೆಲಸವಿರುವುದಿಲ್ಲ. ಧಾರವಾಡ, ವಿಜಯಪುರ, ಬೆಂಗಳೂರಿನ ವಿಜಯನಗರ ಇಂಥ ಕಡೆ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತ ಐದಾರು ವರ್ಷ ಕಳೆಯುವ ಹುಡುಗರಿದ್ದಾರೆ. ಓದು ನಿಲ್ಲಿಸಿದರೆ ಮದುವೆ, ಮದುವೆ ಬೇಡವೆಂದರೆ ಓದು ಎಂಬ ಇಕ್ಕಳದಲ್ಲಿ ಸಿಕ್ಕ ಹುಡುಗಿಯರಿದ್ದಾರೆ. ಈ ನಿರುದ್ಯೋಗಕ್ಕೂ ವರದಕ್ಷಿಣೆಗೂ ನೇರ ಸಂಬಂಧವಿದೆ. ಹುಡುಗನಿಗೆ ಅಂಗಡಿ ಇಡಲು ಬಂಡವಾಳ, ಕೆಲಸ ಗಿಟ್ಟಿಸಲು ಕೊಡುವ ಲಂಚ, ಬೆಂಗಳೂರಿನಲ್ಲಿ ಸೈಟಿನ ಮುಂಗಡ, ಇವೆಲ್ಲ ಎಲ್ಲಿಂದ ಬರಬೇಕು? ಹೆಣ್ಣಿನ ತಂದೆಯಿಂದ. ಕೆಲಸ ಸಿಕ್ಕಿದವನ ಬೆಲೆ ಬೇರೆ. ಅವನ ಓದಿಗೆ ಖರ್ಚಾದದ್ದನ್ನು ಬಡ್ಡಿ ಸಹಿತ ವಸೂಲು ಮಾಡಬೇಕೆಂದು ಮನೆಯವರು ಕಾದಿರುತ್ತಾರೆ. ಹಿಂದೆ ವರೋಪಚಾರ ಎನ್ನುತ್ತಿದ್ದೆವು. ಈಗ ಉಡುಗೊರೆ, 'ನಿಮ್ಮ ಮಗಳಿಗೇ ಕೊಡುವುದಲ್ಲವೇ' ಎನ್ನುತ್ತಾರೆ. ಮಾತು ನಯವಾಗಿದೆ, ಮೊತ್ತ ಏರಿದೆ. ಇದನ್ನೆಲ್ಲ ಎಳೆಯರು ನೋಡುತ್ತಿಲ್ಲವೆಂದು ತಿಳಿಯಬೇಡಿ. ಅಕ್ಕನ ಮದುವೆಗೆ ಮಾರಿದ ಹೊಲವನ್ನು ದಿನವೂ ದಾಟಿಕೊಂಡು ಕಾಲೇಜಿಗೆ ಬರುತ್ತಿದ್ದ ಹುಡುಗರನ್ನು ನಾನು ಬಲ್ಲೆ. ಅವರ ಒಳಗೆ ಸಿಟ್ಟಿದೆ. ಆ ಸಿಟ್ಟಿಗೆ ಒಂದು ಕೆಲಸ ಸಿಗದಿದ್ದರೆ ಅದು ಜಾತಿಯ ಗುಂಪಿಗೋ, ಕುಡಿತಕ್ಕೋ, ಇಲ್ಲವೇ ಮುಂದೆ ಒಂದು ದಿನ ಕೈಗೆ ಸಿಗುವ ಹೆಂಡತಿಯ ಮೇಲೋ ತಿರುಗುತ್ತದೆ. ನಾವು ಕಳೆದುಕೊಳ್ಳುತ್ತಿರುವುದು ಬರಿಯ ಕಾರ್ಯಕರ್ತರನ್ನಲ್ಲ.

ನಮ್ಮ ಚಳುವಳಿಯ ಇತಿಹಾಸ ತಿರುವಿ ನೋಡಿದರೆ ಇದನ್ನು ಕಟ್ಟಿದವರಲ್ಲಿ ಬಹುಪಾಲು ಎಳೆಯರು ಮತ್ತು ಅವರ ಜೊತೆ ನಿಂತ ಮೇಷ್ಟರುಗಳು ಎಂಬುದು ಕಾಣುತ್ತದೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟ ಕೊಡಗಿನ ಗೌರಮ್ಮನವರಿಗೆ ಆಗ 22 ಇನ್ನೂ ತುಂಬಿರಲಿಲ್ಲ. ಹೆಣ್ಣಿನ ಯೋಗ್ಯತೆಯನ್ನು ಅವಳ ಮೈಮೇಲಿನ ಚಿನ್ನದಿಂದ ತೂಗುವ ಸಮಾಜದಲ್ಲಿ ಅದು ಸಣ್ಣ ಕೆಲಸವಲ್ಲ.

1979ನೆಯ ವರ್ಷವನ್ನು ನೆನೆಯಿರಿ. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲಿ ಆದ ಅತ್ಯಾಚಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆರೋಪಿ ಪೊಲೀಸರನ್ನು ಬಿಡುಗಡೆ ಮಾಡಿದಾಗ, ನಾಲ್ವರು ಕಾನೂನು ಅಧ್ಯಾಪಕರು, ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್ ಮತ್ತು ರಘುನಾಥ ಕೇಳ್ಕರ್, ಮುಖ್ಯ ನ್ಯಾಯಾಧೀಶರಿಗೆ ಒಂದು ಬಹಿರಂಗ ಪತ್ರ ಬರೆದರು. ಆ ಪತ್ರ ದೇಶದಾದ್ಯಂತ ಹೆಣ್ಣುಮಕ್ಕಳನ್ನು ಬೀದಿಗೆ ತಂದಿತು. ಅದರ ಫಲವಾಗಿ 1983ರಲ್ಲಿ ಅತ್ಯಾಚಾರದ ಕಾನೂನು ಬದಲಾಯಿತು. ಅದೇ 1979ರಲ್ಲಿ ದೆಹಲಿಯ ಬೀದಿಗಳಲ್ಲಿ ವರದಕ್ಷಿಣೆ ಸಾವುಗಳ ವಿರುದ್ಧ ಮೆರವಣಿಗೆಗಳು ಹೊರಟವು. ಅದುವರೆಗೆ ಸ್ಟೌ ಸಿಡಿದ ಅಪಘಾತ ಎಂದು ಪತ್ರಿಕೆಗಳ ಮೂಲೆಯಲ್ಲಿ ನಾಲ್ಕು ಸಾಲಾಗುತ್ತಿದ್ದದ್ದು ಕೊಲೆ ಇರಬಹುದೆಂದು ಜನ ಮಾತಾಡತೊಡಗಿದರು. ಅದೇ ವರ್ಷ ಬೆಂಗಳೂರಿನಲ್ಲಿ ವಿಮೋಚನಾ ಹುಟ್ಟಿತು, ಕರ್ನಾಟಕ ಲೇಖಕಿಯರ ಸಂಘವೂ ಹುಟ್ಟಿತು. 1983ರಲ್ಲಿ 498ಎ ಕಲಮು, 1986ರಲ್ಲಿ 304ಬಿ ಕಲಮು ಬಂದದ್ದು ಆಳುವವರ ಕರುಣೆಯಿಂದಲ್ಲ, ಈ ಬೀದಿಯ ಕೂಗಿನಿಂದ.

ಇನ್ನೊಂದು ಉದಾಹರಣೆ ನಮ್ಮ ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯದು. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಹಳ್ಳಿ ಹಳ್ಳಿಗಳಲ್ಲಿ ಸಂಜೆ ಹೊತ್ತು ಹೆಂಗಸರಿಗೆ ಅಕ್ಷರ ಕಲಿಸಿದ್ದು ಸಂಬಳವಿಲ್ಲದ ಸ್ವಯಂಸೇವಕರು. ಪಾಠದ ಪುಸ್ತಕದಲ್ಲಿ ಹೆಂಗಸರು ಕೂಡಿ ತಮ್ಮೂರಿನ ಸಾರಾಯಿ ಅಂಗಡಿ ಮುಚ್ಚಿಸಿದ ಒಂದು ಕಥೆ ಇತ್ತು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅದನ್ನು ಓದಿ, ನಾವೂ ಏಕೆ ಮಾಡಬಾರದು ಎಂದರು, ಮಾಡಿದರು. ಅಲ್ಲಿಂದ ಹೊತ್ತಿದ ಬೆಂಕಿಗೆ ರಾಜ್ಯ ಸರ್ಕಾರ 1993ರ ಅಕ್ಟೋಬರ್ 1ರಿಂದ ಸಾರಾಯಿಯನ್ನು ನಿಷೇಧಿಸಬೇಕಾಯಿತು. ಅಕ್ಷರ ಕಲಿಸಲು ಹೋದ ಹುಡುಗ ಹುಡುಗಿಯರು ಕ್ರಾಂತಿ ಮಾಡುತ್ತೇವೆಂದು ಹೊರಟವರಲ್ಲ. ಅವರಿಗೆ ಒಂದು ಖಚಿತವಾದ ಕೆಲಸವಿತ್ತು: ವಾರಕ್ಕೆ ಇಷ್ಟು ಸಂಜೆ, ಇಷ್ಟು ಜನ, ಇಷ್ಟು ಪಾಠ. ದಾರಿ ಅಲ್ಲಿಂದ ತಾನಾಗಿ ತೆರೆಯಿತು.

ನಮ್ಮ ಎಳೆಯರ ಕೈಗೆ ನಾವು ಕೊಡಬಹುದಾದ ಖಚಿತ ಕೆಲಸಗಳು ಏನಿವೆ? ನನಗೆ ತೋಚಿದ್ದನ್ನು, ಮಾಡಿ ನೋಡಿದ್ದನ್ನು ಬರೆಯುತ್ತೇನೆ.

ಮೊದಲನೆಯದು ಕೇಳಿಸಿಕೊಳ್ಳುವ ಕೆಲಸ. ಇದು ಅತಿ ಸುಲಭವೆಂದು ತೋರುತ್ತದೆ, ಅತಿ ಕಷ್ಟದ್ದು ಇದೇ. ನಾನು ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಯಾರದಾದರೂ ಸಹಾಯ ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. 77 ಮಂದಿ ಸಹಾಯ ಕೇಳಲೂ ಇಲ್ಲ, ಯಾರೊಡನೆ ಹೇಳಲೂ ಇಲ್ಲ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ನಾವು ಎಷ್ಟು ಚೆನ್ನಾಗಿ ಕಲಿಸಿದ್ದೇವೆಂದರೆ, ಏಟು ತಿಂದವಳೇ ಅದನ್ನು ನಮಗೆ ಹೇಳುತ್ತಾಳೆ. ಹೊಸದಾಗಿ ಮದುವೆಯಾದ ಹುಡುಗಿ ಮೊದಲು ಬಾಯಿ ಬಿಡುವುದು ಅಪ್ಪನೊಡನೆ ಅಲ್ಲ, ವಕೀಲರೊಡನೆಯಂತೂ ಅಲ್ಲವೇ ಅಲ್ಲ. ಕಾಲೇಜಿನ ಗೆಳತಿಯೊಡನೆ, ಚಿಕ್ಕಮ್ಮನ ಮಗಳೊಡನೆ. ಆ ಗೆಳತಿಗೆ ಏನು ಹೇಳಬೇಕೆಂದು ಗೊತ್ತಿರಬೇಕು. 'ಸ್ವಲ್ಪ ಹೊಂದಿಕೊಂಡು ಹೋಗು' ಎನ್ನಬಾರದು. 'ನಾಳೆಯೇ ಬಿಟ್ಟು ಬಾ' ಎಂದೂ ಅಪ್ಪಣೆ ಮಾಡಬಾರದು. 'ನಿನ್ನ ಮಾತನ್ನು ನಾನು ನಂಬುತ್ತೇನೆ, ಇದರಲ್ಲಿ ನಿನ್ನ ತಪ್ಪಿಲ್ಲ, ನಿನಗೆ ಬೇಕಾದಾಗ ನಾನಿದ್ದೇನೆ' ಎನ್ನಬೇಕು. ಯಾವ ದಿನ ಏನಾಯಿತೆಂದು ಬರೆದಿಟ್ಟುಕೊಳ್ಳಲು, ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಇಟ್ಟುಕೊಳ್ಳಲು, ಗುರುತಿನ ಚೀಟಿ, ಅಂಕಪಟ್ಟಿ, ಬ್ಯಾಂಕ್ ಪುಸ್ತಕಗಳನ್ನು ಕೈಗೆ ಸಿಗುವಲ್ಲಿ ಇಡಲು ಹೇಳಬೇಕು. 112 ತುರ್ತು ಸಂಖ್ಯೆ, 181 ಮಹಿಳಾ ಸಹಾಯವಾಣಿ, 15100 ಕಾನೂನು ನೆರವಿನ ಸಂಖ್ಯೆ. ಈ ಮೂರು ಸಂಖ್ಯೆಗಳು ಪ್ರತಿಯೊಬ್ಬ ವಿದ್ಯಾರ್ಥಿಗೂ ಬಾಯಿಪಾಠವಾಗಿರಬೇಕು.

ಇಲ್ಲಿ ಕಾನೂನು ಎಳೆಯರ ಪರವಾಗಿದೆ. 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 4ನೆಯ ಕಲಮಿನ ಪ್ರಕಾರ, ಒಂದು ಮನೆಯಲ್ಲಿ ಹಿಂಸೆ ನಡೆದಿದೆ, ನಡೆಯುತ್ತಿದೆ, ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಪಕ್ಕದ ಮನೆಯ ಗೋಡೆಯಾಚೆ ಕೂಗು ಕೇಳಿದಾಗ 'ನಮಗೇಕೆ ಉಸಾಬರಿ' ಎಂದು ಟಿ.ವಿ. ಸದ್ದು ಹೆಚ್ಚಿಸುವ ಹಿರಿಯರಿಗೆ, ಮನೆಯ ಎಳೆಯರೇ ಈ ಕಲಮನ್ನು ಓದಿ ಹೇಳಬೇಕು.

ಎರಡನೆಯದು ಜೊತೆಗೆ ಹೋಗುವ ಕೆಲಸ. ಒಬ್ಬ ಹೆಂಗಸು ಮೊದಲ ಸಲ ಠಾಣೆಗೆ, ಕೋರ್ಟಿಗೆ, ಆಸ್ಪತ್ರೆಗೆ ಹೋಗುವಾಗ ಅವಳಿಗೆ ಬೇಕಾದದ್ದು ದೊಡ್ಡ ಭಾಷಣವಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ. ಅರ್ಜಿ ತುಂಬಿಕೊಡುವವರು, ಮಗುವನ್ನು ಎತ್ತಿಕೊಂಡು ಹೊರಗೆ ಕೂರುವವರು, ಮುಂದಿನ ತಾರೀಖನ್ನು ಬರೆದುಕೊಂಡು ಹಿಂದಿನ ದಿನ ನೆನಪಿಸುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ತಾಲ್ಲೂಕು ಕೇಂದ್ರದವರೆಗಿನ ಬಸ್ಸಿನ ದುಡ್ಡಿನ ಚಿಂತೆ ಹೆಣ್ಣುಮಕ್ಕಳಿಗೆ ತಪ್ಪಿದೆ. ಇದನ್ನು ಸಂಘಟನೆಗಳು ಬಳಸಿಕೊಳ್ಳಬೇಕು. ಕಾನೂನು ಸೇವೆಗಳ ಪ್ರಾಧಿಕಾರದ ಅಡಿಯಲ್ಲಿ ಅರೆ ಕಾನೂನು ಸ್ವಯಂಸೇವಕರೆಂಬ ವ್ಯವಸ್ಥೆ 2009ರಿಂದ ಇದೆ. ಅದಕ್ಕೆ ವಕೀಲರಾಗಿರಬೇಕಿಲ್ಲ, ಓದು ಬರಹ ಬಲ್ಲ, ಮನಸ್ಸಿರುವ ಸಾಮಾನ್ಯರಿಗೆ ತರಬೇತಿ ಕೊಡುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಇರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರಾಯಿತು. ಹೆಣ್ಣುಮಕ್ಕಳಿಗೆ ಅವರ ವರಮಾನ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ ಎಂಬುದು ನಮ್ಮ ಪದವೀಧರರಲ್ಲಿ ಎಷ್ಟು ಜನಕ್ಕೆ ಗೊತ್ತು? ಗಂಡನ ಮನೆ ಬೇರೆ ಜಿಲ್ಲೆಯಲ್ಲಿದ್ದರೂ, ತವರಿಗೆ ಬಂದು ಆಶ್ರಯ ಪಡೆದವಳು ತವರಿನ ಊರಿನಲ್ಲಿಯೇ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಠಾಣೆಯಲ್ಲಿ ವಾಪಸು ಕಳಿಸುವಾಗ ಈ ಒಂದು ಮಾತು ಗೊತ್ತಿದ್ದ ಹುಡುಗಿಯೊಬ್ಬಳು ಪಕ್ಕದಲ್ಲಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ತರಗತಿಯಲ್ಲಿ ಬಾಯಿ ತೆರೆಯದ ಹುಡುಗಿ, ಅಧಿಕಾರಿಯ ಎದುರು ನಿಂತು ಮೆತ್ತಗಿನ ದನಿಯಲ್ಲೇ, ಆದರೆ ಕುರ್ಚಿ ಬಿಟ್ಟು ಏಳದೆ, ದೂರು ಬರೆಸಿಕೊಳ್ಳುವವರೆಗೆ ಕೂತಳು. ಅವಳು ಇವತ್ತು ಒಂದು ಸಣ್ಣ ಊರಿನಲ್ಲಿ ವಕೀಲೆ. ಆ ದಿನ ತನಗೆ ತನ್ನ ಕೆಲಸ ಯಾವುದೆಂದು ತಿಳಿಯಿತು ಎನ್ನುತ್ತಾಳೆ.

ಮೂರನೆಯದು ಲೆಕ್ಕ ಇಡುವ ಕೆಲಸ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಮದುವೆಯಾದ ಹೆಣ್ಣುಮಕ್ಕಳ ಅಸಹಜ ಸಾವುಗಳ ವಿವರಗಳನ್ನು ಮಹಿಳಾ ಕಾರ್ಯಕರ್ತರು ಒಂದೊಂದಾಗಿ ಕೂಡಿಸಿದ್ದರಿಂದಲೇ, ಅಪಘಾತ, ಹೊಟ್ಟೆನೋವು, ಆತ್ಮಹತ್ಯೆ ಎಂಬ ಶೀರ್ಷಿಕೆಗಳ ಅಡಿಯಲ್ಲಿ ಎಷ್ಟು ಸಾವುಗಳು ಮುಚ್ಚಿಹೋಗುತ್ತಿವೆ ಎಂಬುದು ಹೊರಬಿತ್ತು. ಈ ಕೆಲಸ ಪ್ರತಿ ಜಿಲ್ಲೆಯಲ್ಲೂ ಆಗಬೇಕು. ಪತ್ರಿಕೆಯ ಸ್ಥಳೀಯ ಪುಟಗಳನ್ನು ದಿನವೂ ಓದಿ, ಸತ್ತವಳ ವಯಸ್ಸು, ಮದುವೆಯಾಗಿ ಎಷ್ಟು ವರ್ಷ, ಯಾವ ಕಲಮು, ಆಮೇಲೆ ಏನಾಯಿತು ಎಂದು ಒಂದು ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಬರೆದಿಡುವುದು. ಅಂಕಿಅಂಶ ಓದುವ ವಿದ್ಯಾರ್ಥಿಗೆ ಇದು ನಿಜವಾದ ಅಂಕಿಅಂಶ. ಪತ್ರಿಕೋದ್ಯಮ ಓದುವವನಿಗೆ ನಿಜವಾದ ವರದಿಗಾರಿಕೆ. ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ತಮ್ಮ ಜಿಲ್ಲೆಯ ವರದಕ್ಷಿಣೆ ನಿಷೇಧಾಧಿಕಾರಿ ಯಾರು, ಅವರ ಬಳಿ ಎಷ್ಟು ದೂರು ಬಂದಿವೆ ಎಂದು ಒಂದು ಅರ್ಜಿ ಹಾಕಲಿ. ಉತ್ತರ ಏನೇ ಬರಲಿ, ಕಲಿಯುವುದಕ್ಕೆ ಬಹಳವಿರುತ್ತದೆ.

ನಾಲ್ಕನೆಯದು ಕಾಲೇಜಿನೊಳಗಿನ ಕೆಲಸ. ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು 1969ರಲ್ಲಿ, ಗಾಂಧೀಜಿಯ ಜನ್ಮ ಶತಾಬ್ದಿಯ ವರ್ಷ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, 7 ದಿನದ ವಿಶೇಷ ಶಿಬಿರ. ರಸ್ತೆ ಗುಡಿಸುವುದು, ಗಿಡ ನೆಡುವುದು ಒಳ್ಳೆಯದೇ. ಆದರೆ ಆ 7 ದಿನಗಳಲ್ಲಿ ಒಂದು ದಿನವನ್ನು ಈ ವಿಷಯಕ್ಕೆ ಯಾಕೆ ಇಡಬಾರದು? ಶಿಬಿರ ನಡೆಯುವ ಹಳ್ಳಿಯಲ್ಲಿ ಸಂಜೆ ಒಂದು ಬೀದಿ ನಾಟಕ; ಅಂಗನವಾಡಿಯ ಗೋಡೆಯ ಮೇಲೆ ಸಹಾಯವಾಣಿಯ ಸಂಖ್ಯೆಗಳನ್ನು ಬಣ್ಣದಲ್ಲಿ ಬರೆಯುವುದು; ಸ್ವಸಹಾಯ ಗುಂಪಿನ ಹೆಂಗಸರೊಡನೆ ಒಂದು ಗಂಟೆ ಮಾತು. ಕೇರಳದಲ್ಲಿ 2021ರಲ್ಲಿ ಆಯುರ್ವೇದ ವಿದ್ಯಾರ್ಥಿನಿಯೊಬ್ಬಳ ವರದಕ್ಷಿಣೆ ಸಾವು ರಾಜ್ಯವನ್ನೇ ಅಲುಗಿಸಿದ ಮೇಲೆ, ವಿಶ್ವವಿದ್ಯಾಲಯ ಸೇರುವ ವಿದ್ಯಾರ್ಥಿಗಳಿಂದ ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಳ್ಳುವ ಕ್ರಮ ಶುರುವಾಯಿತು. ಬರಿಯ ಕಾಗದದಿಂದ ಪಿಡುಗು ಹೋಗುವುದಿಲ್ಲ, ನನಗೂ ಗೊತ್ತು. ಆದರೆ ಹದಿನೆಂಟರ ಹುಡುಗ ತನ್ನ ಕೈಯಾರೆ ಸಹಿ ಮಾಡುವಾಗ ಒಂದು ಕ್ಷಣವಾದರೂ ಅದರ ಬಗ್ಗೆ ಯೋಚಿಸಬೇಕಾಗುತ್ತದೆ. ಇಪ್ಪತ್ತೇಳರಲ್ಲಿ ಅವನ ಮನೆಯಲ್ಲಿ ಮಾತುಕತೆ ನಡೆಯುವಾಗ ಆ ಸಹಿಯನ್ನು ನೆನಪಿಸುವ ಗೆಳೆಯರೂ ಇರುತ್ತಾರೆ.

ಐದನೆಯದು, ಎಲ್ಲಕ್ಕಿಂತ ಹತ್ತಿರದ್ದು, ತಮ್ಮ ಸ್ವಂತ ಮದುವೆ. ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಸರಳ ರೀತಿಯಲ್ಲಿ ಮಾಡಿದರು. ಕನ್ನಡ ನಾಡಿನ ಸಾವಿರಾರು ಮನೆಗಳಿಗೆ ಆ ದಾರಿ ತಲುಪಿತು; ರೈತ ಚಳುವಳಿಯೂ ಸರಳ ಮದುವೆಗಳನ್ನು ಎತ್ತಿ ಹಿಡಿಯಿತು. ಇವತ್ತು ನೋಡಿ: ಓದಿದವರ ಮನೆಗಳಲ್ಲೇ ಮೂರು ದಿನದ ಮದುವೆ, ಮದುವೆಗೆ ಮುಂಚೆ ಚಿತ್ರೀಕರಣ, ಹೆಣ್ಣಿನ ಕಡೆಯವರ ಸಾಲ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಗುತ್ತಲೇ ಮುಳುಗುತ್ತಿದ್ದೇವೆ. ವಿಶೇಷ ವಿವಾಹ ಕಾಯ್ದೆಯ ಅಡಿಯಲ್ಲಿ ನೋಂದಣಿ ಕಚೇರಿಯಲ್ಲಿ ಮದುವೆಯಾಗಬಹುದು, ಖರ್ಚು ಊಟದ್ದಷ್ಟೇ. ಅಷ್ಟು ಸಾಧ್ಯವಾಗದವರು ಕನಿಷ್ಠ ಉಡುಗೊರೆಗಳ ಪಟ್ಟಿಯನ್ನಾದರೂ ಬರೆದಿಡಲಿ. 1985ರ ನಿಯಮಗಳು ಆ ಪಟ್ಟಿಯನ್ನು ಬರೆದು ಇಬ್ಬರೂ ಸಹಿ ಮಾಡಬೇಕೆಂದು ಹೇಳುತ್ತವೆ. ಕೇಳದೆ ಕೊಟ್ಟದ್ದು ಯಾವುದು, ಕೇಳಿ ಪಡೆದದ್ದು ಯಾವುದು ಎಂಬ ಪ್ರಶ್ನೆ ಮುಂದೆ ಕೋರ್ಟಿನಲ್ಲಿ ಬಂದಾಗ ಆ ಕಾಗದ ಮಾತಾಡುತ್ತದೆ. ಕೊಡುವುದೂ ಅಪರಾಧವಾದ್ದರಿಂದ ದೂರು ಕೊಟ್ಟರೆ ನಮ್ಮನ್ನೇ ಹಿಡಿಯುತ್ತಾರೆ ಎಂದು ಹೆದರುವ ತಂದೆತಾಯಿಗಳಿಗೆ ಒಂದು ಮಾತು: ನೊಂದವರು ಕೊಡುವ ಹೇಳಿಕೆಯ ಆಧಾರದ ಮೇಲೆ ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ ಎಂದು ಕಾಯ್ದೆಯ 7ನೆಯ ಕಲಮಿನಲ್ಲಿದೆ.

ಗಂಡುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಈಚೆಗೆ ನಾನು ಮಾತಾಡಲು ಹೋದ ಕಾಲೇಜುಗಳಲ್ಲೆಲ್ಲ ಮೊದಲು ಏಳುವ ಕೈ ಹುಡುಗನದು, ಮೊದಲು ಬರುವ ಪ್ರಶ್ನೆ ಸುಳ್ಳು ಮೊಕದ್ದಮೆಯದು. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಯುವ ಇಂಜಿನಿಯರೊಬ್ಬರು ಆತ್ಮಹತ್ಯೆ ಮಾಡಿಕೊಂಡ ನಂತರ ಈ ಪ್ರಶ್ನೆ ಇನ್ನೂ ಹೆಚ್ಚಾಗಿದೆ. ಈ ಪ್ರಶ್ನೆ ಕೇಳಿದೊಡನೆ ಹುಡುಗನನ್ನು ಬೈದು ಕೂರಿಸುವವರಿದ್ದಾರೆ. ಹಾಗೆ ಮಾಡಬಾರದು. ಒಂದು ಎಳೆಯ ಜೀವ ಹೋದದ್ದು ದುಃಖದ ಸಂಗತಿಯೇ. ಗಂಡಾಗಲಿ ಹೆಣ್ಣಾಗಲಿ, ಅದನ್ನು ಹಗುರ ಮಾಡಬೇಕಿಲ್ಲ. ಯಾವ ಕಾನೂನನ್ನಾದರೂ ದುರುಪಯೋಗ ಮಾಡುವವರು ಇರಬಹುದು. ಅದಕ್ಕೇ ವಿಚಾರಣೆ ಇರುವುದು. 2014ರಲ್ಲಿ ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಇಂಥ ದೂರುಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದು, ಬಂಧನದ ಅಗತ್ಯವನ್ನು ಪೊಲೀಸರು ಬರೆದು ತೋರಿಸಬೇಕು ಎಂದು ಹೇಳಿದೆ. ಇಷ್ಟನ್ನು ವಿವರಿಸಿ, ಆಮೇಲೆ ದಿನಕ್ಕೆ ಹದಿನಾರು ಸಾವಿನ ಲೆಕ್ಕವನ್ನು ಅವನ ಮುಂದೆ ಇಡಿ. ನಂತರ ಕೇಳಿ: ನಿನ್ನ ಭಯವೂ ನಿನ್ನ ತಂಗಿಯ ಭಯವೂ ಒಂದೇ ಕಡೆಯಿಂದ ಬರುತ್ತಿಲ್ಲವೇ? ಮದುವೆ ಹಣದ ವ್ಯವಹಾರವಾದದ್ದರಿಂದಲ್ಲವೇ ಎರಡು ಮನೆಗಳೂ ಲೆಕ್ಕಪತ್ರ ಹಿಡಿದು ಎದುರು ಬದುರು ಕೂತಿರುವುದು? ಬಹಳ ಹುಡುಗರು ಇಲ್ಲಿಗೆ ಬಂದಾಗ ಸುಮ್ಮನಾಗುತ್ತಾರೆ. ಕೆಲವರು ಸಭೆ ಮುಗಿದ ಮೇಲೆ ಹತ್ತಿರ ಬಂದು, ತಮ್ಮ ಮನೆಯಲ್ಲಿ ಅಮ್ಮ ತಿನ್ನುವ ಏಟಿನ ಬಗ್ಗೆ ಹೇಳುತ್ತಾರೆ. ಎಂದೂ ಯಾರಿಗೂ ಹೇಳಿರದ ಮಾತು ಅದು. ಅಂಥ ಹುಡುಗನಿಗೆ ಈ ಚಳುವಳಿಯಲ್ಲಿ ಜಾಗವಿಲ್ಲವೆಂದರೆ ಮತ್ತೆ ಯಾರಿಗಿದೆ?

ಇನ್ನು ಸಂಘಟನೆಗಳು ಮಾಡಬೇಕಾದ್ದು. ಎಳೆಯರನ್ನು ಬ್ಯಾನರ್ ಹಿಡಿಯಲು, ಕುರ್ಚಿ ಜೋಡಿಸಲು, ಮಾರ್ಚ್ 8ರಂದು ಸಭಾಂಗಣ ತುಂಬಿಸಲು ಕರೆದರೆ ಅವರು ಒಂದು ಸಲ ಬರುತ್ತಾರೆ, ಎರಡನೆಯ ಸಲ ಬರುವುದಿಲ್ಲ. ತೀರ್ಮಾನ ಮಾಡುವ ಸಭೆಯಲ್ಲಿ ಅವರಿಗೆ ಕುರ್ಚಿ ಬೇಕು. ವಾರದ ದಿನ ಮಧ್ಯಾಹ್ನ ಮೂರು ಗಂಟೆಗೆ ಸಭೆ ಕರೆದರೆ ತರಗತಿಯಲ್ಲಿರುವವರು, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿರುವವರು ಹೇಗೆ ಬರಬೇಕು? ನಗರದ ಇಂಗ್ಲಿಷಿನಲ್ಲಿ ಮಾತು ನಡೆದರೆ ತಾಲ್ಲೂಕಿನ ಕಾಲೇಜಿನ ಹುಡುಗಿ ಬಾಯಿ ತೆರೆಯುವುದು ಹೇಗೆ? ದಲಿತ ಕೇರಿಯ, ಮುಸ್ಲಿಂ ಮೊಹಲ್ಲಾದ ಮಕ್ಕಳಿಗೆ ತಮ್ಮ ಮನೆಯ ಕಷ್ಟವನ್ನು ಹೇಳಿದರೆ ತಮ್ಮ ಜನರನ್ನೇ ದೂರಿದಂತಾಗುತ್ತದೋ ಎಂಬ ಅಳುಕಿರುತ್ತದೆ. ಆ ಅಳುಕನ್ನು ಗೌರವಿಸುವ ಜಾಗ ಇದಾಗಬೇಕು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಎಳೆಯರ ಉತ್ಸಾಹವನ್ನು ಅಪಾಯಕ್ಕೆ ತಳ್ಳಬಾರದು. ಗುಂಪು ಕಟ್ಟಿಕೊಂಡು ಗಂಡನ ಮನೆಗೆ ನುಗ್ಗುವುದು, ನೊಂದವಳ ಫೋಟೋವನ್ನು, ಹೆಸರನ್ನು ಮೊಬೈಲಿನಲ್ಲಿ ಹರಡುವುದು, ಅವಳ ಪರವಾಗಿ ತಾವೇ ತೀರ್ಮಾನ ಮಾಡುವುದು, ಇವುಗಳಿಂದ ಅವಳ ಪ್ರಾಣಕ್ಕೇ ಕುತ್ತು ಬಂದೀತು. ಮನೆ ಬಿಡುವ ಹೊತ್ತು ಬಹಳ ಸಲ ಅತಿ ಅಪಾಯದ ಹೊತ್ತು ಎಂಬುದು ಅನುಭವಸ್ಥರಿಗೆಲ್ಲ ಗೊತ್ತು. ಗುಟ್ಟು ಕಾಪಾಡುವುದನ್ನು, ಯಾವಾಗ ಹಿರಿಯರನ್ನು ಕರೆಯಬೇಕೆಂಬುದನ್ನು ಮೊದಲು ಕಲಿಸಬೇಕು. ದಿನವೂ ಇಂಥ ಕಥೆಗಳನ್ನು ಕೇಳುವ ಎಳೆಯ ಮನಸ್ಸಿಗೆ ನಿದ್ದೆ ಕೆಡುತ್ತದೆ. ವಾರಕ್ಕೊಮ್ಮೆಯಾದರೂ ಅವರನ್ನು ಕೂರಿಸಿಕೊಂಡು ಊಟ ಹಾಕಿ, ನಿಮಗೆ ಹೇಗಿದೆ ಎಂದು ಕೇಳುವ ಹಿರಿಯರೊಬ್ಬರು ಬೇಕು. ನಿವೃತ್ತರಾದ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?

ಈ ಕೆಲಸದಿಂದ ಎಳೆಯರಿಗೆ ಏನು ಸಿಗುತ್ತದೆ ಎಂದು ಕೇಳುವ ತಂದೆತಾಯಿಗಳಿದ್ದಾರೆ. ಸಂಬಳ ಸಿಗುವುದಿಲ್ಲ, ನಿಜ. ಆದರೆ ಅರ್ಜಿ ಬರೆಯಲು, ಕಾನೂನು ಓದಲು, ಅಧಿಕಾರಿಯೊಡನೆ ಹೆದರದೆ ಮಾತಾಡಲು, ನಾಲ್ಕು ಜನರ ನಡುವೆ ಹೊಂದಿಕೊಂಡು ದುಡಿಯಲು ಬರುತ್ತದೆ. ಕಾನೂನು, ಸಮಾಜಕಾರ್ಯ, ಪತ್ರಿಕೋದ್ಯಮ, ಆಪ್ತಸಮಾಲೋಚನೆ, ಆರೋಗ್ಯ ಸೇವೆ, ಈ ದಾರಿಗಳು ಕಣ್ಣಿಗೆ ಬೀಳುತ್ತವೆ. ಹಾಗೆ ಯಾವ ದಾರಿಯನ್ನೂ ಹಿಡಿಯದೆ ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಕೆಲಸ ಮಾಡುತ್ತ ಇದ್ದರೂ, ತನ್ನ ಮನೆಯಲ್ಲಿ ಕೈ ಎತ್ತದ ಗಂಡಸಾಗಿ, ಸೊಸೆಯಿಂದ ಕೇಳದ ಅತ್ತೆಯಾಗಿ, ಮಗಳಿಗೆ ಬಾಗಿಲು ಮುಚ್ಚದ ತಾಯಿಯಾಗಿ ಬಾಳಿದರೆ ಅದೇನು ಕಡಿಮೆಯೇ? 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆ ಎಷ್ಟು ಹೆಣ್ಣುಮಕ್ಕಳನ್ನು ವಾಪಸು ಸಾವಿನ ಮನೆಗೆ ಕಳಿಸಿದೆಯೋ ಲೆಕ್ಕವಿಟ್ಟವರಿಲ್ಲ. ಆ ಗಾದೆಯನ್ನು ಮುಂದಿನವರಿಗೆ ದಾಟಿಸದೆ ನಿಲ್ಲಿಸುವ ಶಕ್ತಿ ಇರುವುದು ಇಂದು ಇಪ್ಪತ್ತು ವರ್ಷದವರಾಗಿರುವವರಿಗೆ.

ಓದುಗ ಗೆಳತಿಯರೇ, ಗೆಳೆಯರೇ, ಈ ಸಂಚಿಕೆಯನ್ನು ಓದಿ ಕಪಾಟಿನಲ್ಲಿ ಇಡಬೇಡಿ. ನಿಮಗೆ ಗೊತ್ತಿರುವ ಒಬ್ಬ ಎಳೆಯರ ಕೈಗೆ ಕೊಡಿ; ಮನೆಯವರಾಗಲಿ, ಬಾಡಿಗೆಗಿರುವ ವಿದ್ಯಾರ್ಥಿಯಾಗಲಿ, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯಾಗಲಿ. ಕೊಡುವಾಗ ಒಂದು ಕೆಲಸವನ್ನೂ ಕೊಡಿ. ಮುಂದಿನ ಮಂಗಳವಾರ ನನ್ನ ಜೊತೆ ಕೋರ್ಟಿಗೆ ಬಾ ಎನ್ನಿ. ಈ ತಿಂಗಳ ಪತ್ರಿಕೆಗಳ ಸುದ್ದಿಯನ್ನು ಪಟ್ಟಿ ಮಾಡಿಕೊಡು ಎನ್ನಿ. ನಿಮ್ಮ ಕಾಲೇಜಿನ ಗೋಡೆಗೆ ಆ ಮೂರು ಸಂಖ್ಯೆಗಳನ್ನು ಅಂಟಿಸು ಎನ್ನಿ. ಕಾಲೇಜುಗಳಲ್ಲಿರುವ ಅಧ್ಯಾಪಕ ಬಂಧುಗಳೇ, ಈ ವರ್ಷದ ಶಿಬಿರದ ವೇಳಾಪಟ್ಟಿಯಲ್ಲಿ ಒಂದು ದಿನವನ್ನು ಇದಕ್ಕೆ ಬರೆದಿಡಿ. ಸಂಘಟನೆಯ ಹಿರಿಯರೇ, ಮುಂದಿನ ಸಭೆಗೆ ಮೂವತ್ತರ ಒಳಗಿನ ಇಬ್ಬರನ್ನು ಕರೆದುಕೊಂಡು ಬನ್ನಿ, ಅವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ. ಹೀಗೆ ಮಾಡಿದ್ದನ್ನು, ಮಾಡಲು ಹೋಗಿ ಎಡವಿದ್ದನ್ನು ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯ ಕೆಲವು ಪುಟಗಳನ್ನು ಎಳೆಯರ ಬರಹಗಳಿಗಾಗಿಯೇ ಖಾಲಿ ಇಟ್ಟಿದ್ದೇವೆ.